ತೇಗದ ಗುಡ್ಡೆಯನ್ನು ತಿಂದ ಹೆಂಗಸು

ಕಡಬದಿಂದ ಪಂಜಕ್ಕೆ ಹೋಗುವ ಮಾರ್ಗದಲ್ಲಿ, ಸರಕಾರದ ತೇಗದ ಗುಡ್ಡೆಯ ಬುಡಕ್ಕೆ ಆನಿಸಿಕೊಂಡು ಪಂಕಜಾಕ್ಷಿಯ ಹೋಟೆಲು ಇತ್ತು. ಹೋಟೆಲು ಎಂದ ಕೂಡಲೇ ಮೇಜು, ಕುರ್ಚಿ, ಗೋಡೆಗೊಂದು ಗಡಿಯಾರ ಎಂದೆಲ್ಲ ಎಣಿಸಿಕೊಳ್ಳಬೇಡಿ ಮಾರಾಯ್ರೆ. ಮುಳಿಹುಲ್ಲಿನ ಮಾಡು, ಎರಡು ಬೆಂಚು, ಒಂದು ಒಲೆ, ಒಲೆಯ ಹಿಂದೆ ಪಂಕಜಾಕ್ಷಿಯ ಬಾಯಿ. ಮಳೆಗಾಲದಲ್ಲಿ ಸೌದೆ ಹಸಿಯಾಗಿ ಒಲೆ ಆರಿದ್ದುಂಟು, ಬಾಯಿ ಆರಿದ್ದನ್ನು ಕಂಡವರಿಲ್ಲ. ಚಾ ಸಪ್ಪೆ ಎಂದವನಿಗೆ "ನಿನ್ನ ಮೋರೆಗಿಂತ ಅಡ್ಡಿಲ್ಲ, ಕುಡಿ" ಎನ್ನುತ್ತಿದ್ದಳು. ಅವನೂ ನಗುತ್ತ ಕುಡಿಯುತ್ತಿದ್ದ. ಮಾರನೇ ದಿನ ಅದೇ ಚಾಕ್ಕೆ, ಅದೇ ಬೈಗುಳಕ್ಕೆ ಮತ್ತೆ ಬರುತ್ತಿದ್ದ.

ಗಂಡ ಮಹಾಬಲ ಕಾಫಿ ಕೊಯ್ಯುತ್ತೇನೆಂದು ಘಟ್ಟ ಹತ್ತಿದವನು ಇಳಿಯಲಿಲ್ಲ. ಕೊಡಗಿನಲ್ಲಿ ಇನ್ನೊಂದು ಸಂಸಾರ ಹೂಡಿ ಸುಖವಾಗಿದ್ದಾನೆ ಎಂಬ ಸುದ್ದಿಯನ್ನು ಹೋಟೆಲು ಸುರುವಾದ ಮೇಲೆ ತಂದವನು ಒಣಮೀನು ಮಾರುವ ಪೋಕರ್. ಪಾಪ, ಹೇಳಲೋ ಬೇಡವೋ ಎಂದು ಬೆಂಚಿನಲ್ಲಿ ಅರ್ಧ ಹೊತ್ತು ಒದ್ದಾಡಿ ಕಡೆಗೆ ಹೇಳಿದ. ಪಂಕಜಾಕ್ಷಿ ಒಲೆ ಊದುವುದನ್ನು ನಿಲ್ಲಿಸಲಿಲ್ಲ. "ಇನ್ನೊಮ್ಮೆ ಆ ಕಡೆ ಹೋದರೆ ಆ ಹೆಂಗಸಿಗೆ ನಾಲ್ಕು ಒಣಮೀನು ನನ್ನ ಲೆಕ್ಕದಲ್ಲಿ ಕೊಡು ಪೋಕರ್. ಅವನು ಎಂಥವನು ಅಂತ ಅವಳಿಗೆ ಇನ್ನೂ ಗೊತ್ತಾಗಿಲ್ಲ, ಪಾಪ," ಎಂದಳು.

ಗಂಡ ಹೋದದ್ದು ಅವಳಿಗೆ ಅಷ್ಟು ನೋಯಲಿಲ್ಲ. ನೋಯಿಸಿದ್ದು ಅದರ ಮರುಮಳೆಗಾಲ. ರಾಮಕುಂಜದಲ್ಲಿ ಅವಳ ಅಣ್ಣ ತ್ಯಾಂಪಣ್ಣನಿಗೆ ಅಡಿಕೆ, ತೆಂಗು, ಅಂಗಳದ ಬದಿಯಲ್ಲಿ ಎರಡು ತೇಗದ ಮರ, ಎಲ್ಲ ಉಂಟು. ಅವನು ಗಾಡಿ ಕಟ್ಟಿಕೊಂಡು ಬಂದು ತಂಗಿಯನ್ನು ಕರೆದುಕೊಂಡು ಹೋದ. ಮೊದಲಿಗೆ "ತಂಗಿ ಬಂದಿದ್ದಾಳೆ" ಎನ್ನುತ್ತಿದ್ದರು. ಆಮೇಲೆ "ತಂಗಿ ಇದ್ದಾಳೆ" ಎಂದಾಯಿತು. ಅತ್ತಿಗೆಗೆ ಬೆಳಿಗ್ಗೆ ಹೊತ್ತು ಮಾತ್ರ ಬರುವಂಥ ಸೊಂಟನೋವು ಸುರುವಾಯಿತು. ತ್ಯಾಂಪಣ್ಣ ಕೆಟ್ಟವನೇನಲ್ಲ, ಅದೇ ತೊಂದರೆ ಆದದ್ದು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹೊರಡಬಹುದಿತ್ತು. ಅವನು ಚೌತಿಗೆ ಸೀರೆ ತಂದುಕೊಟ್ಟು, ತಾನು ತಂದುಕೊಟ್ಟದ್ದನ್ನು ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ಕಡೆಯ ಪಂಕ್ತಿಯಲ್ಲಿ, ಕಡೆಯ ಸೌಟಿನ ಸಾರು ಹಾಕಿಕೊಂಡು ಉಣ್ಣುವಾಗ ಆ ಸೀರೆ ಪಂಕಜಾಕ್ಷಿಗೆ ಮೈಮೇಲೆ ತುರಿಕೆಯ ಚೊರೆ ಹತ್ತಿದ ಹಾಗೆ ಆಗುತ್ತಿತ್ತು. ಮಳೆ ಬಿಟ್ಟದ್ದೇ ಹಬೆಯಲ್ಲಿ ಬೇಯಿಸುವ ತನ್ನ ಅಟ್ಟಿನಳಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟು ಬಂದಳು. ತೇಗದ ಗುಡ್ಡೆಯ ಬುಡದಲ್ಲಿ, ಕೇಳುವವರಿಲ್ಲದ ಸರಕಾರಿ ಜಾಗದಲ್ಲಿ ನಾಲ್ಕು ಕಂಬ ಹುಗಿದಳು.

ಅವಳ ಹೋಟೆಲಿಗೆ ಹೆಸರು ಬಂದದ್ದು ಗಟ್ಟಿ ಎಂಬ ತಿಂಡಿಯಿಂದ. ಹಲಸಿನ ಹಣ್ಣಿನ ಕಾಲದಲ್ಲಿ ಅಕ್ಕಿ, ಹಣ್ಣು, ಬೆಲ್ಲ, ತೆಂಗಿನಕಾಯಿ ಅರೆದು, ತೇಗದ ಎಲೆಯಲ್ಲಿ ಮಡಚಿ, ಅಟ್ಟಿನಳಗೆಯಲ್ಲಿ ಹಬೆಗೆ ಬೇಯಿಸುವುದು. ಎಲೆ ಎಳತಾಗಿರಬೇಕು. ಆಗ ಅದು ಬಣ್ಣ ಬಿಟ್ಟು ಗಟ್ಟಿ ಕೆಂಪಗಾಗುತ್ತದೆ, ಪರಿಮಳ ಮಾರ್ಗದವರೆಗೆ ಹೋಗುತ್ತದೆ. ಬಾಳೆಲೆಯಲ್ಲೂ ಮಾಡುವವರಿದ್ದಾರೆ. ಅಂಥವರ ಬಗ್ಗೆ ಪಂಕಜಾಕ್ಷಿಯ ಅಭಿಪ್ರಾಯವನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ.

ಎಲೆ ಎಲ್ಲಿಂದ? ಇದೇನು ಕೇಳುವ ಮಾತಾ? ತಲೆಯ ಮೇಲೆ ಗುಡ್ಡೆಗಟ್ಟಲೆ ತೇಗ ನಿಂತಿದೆ. ಬೆಳಿಗ್ಗೆ ಕೊಕ್ಕೆಕೋಲಿನ ದೋಟಿ ಹಿಡಿದು ಹತ್ತಿದರೆ ಒಂದು ಬುಟ್ಟಿ ಎಲೆ. ಕಾಯಲಿಕ್ಕೆ ಗಾರ್ಡು ಬೋಜಪ್ಪ ಗೌಡ ಇದ್ದ. ಖಾಕಿ ಅಂಗಿ, ಕೊಡೆ, ಬಾಯಲ್ಲಿ ಎಲೆಅಡಿಕೆ. ಅವನು ಕಾಯುತ್ತಿದ್ದದ್ದು ಗಟ್ಟಿ ಬೇಯುವುದನ್ನು. ಕಳ್ಳಿ ಕದ್ದ ಎಲೆಯಲ್ಲಿ ಬೆಂದದ್ದನ್ನು ಬೆಂಚಿನಲ್ಲಿ ಕೂತು ತಿಂದು, "ಗುಡ್ಡೆ ಕಡೆ ಎಲ್ಲ ಸರಿ ಉಂಟು" ಎಂದು ಮನೆಗೆ ಹೋಗುತ್ತಿದ್ದ. ಬಿಡಿಸಿ ಎಸೆದ ಎಲೆ ಹೋಟೆಲಿನ ಹಿಂದೆ ರಾಶಿ ಬಿದ್ದು, ಅಡಿಯದ್ದು ಕೊಳೆಯುತ್ತ ಮೇಲೆ ಹೊಸತು ಬೀಳುತ್ತ, ಎದೆಮಟ್ಟಕ್ಕೆ ಬೆಳೆದಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷ ಆಗಿದ್ದಿರಬೇಕು, ಆ ವರ್ಷ ಹುಳ ಬಂತು. ಮಳೆಗಾಲಕ್ಕೆ ಮೊದಲೇ ಎರಡು ಮಳೆ ಬಿದ್ದು ತೇಗ ಚಿಗುರಿತ್ತು. ಸಂಜೆ ಚಿಮಿಣಿ ದೀಪ ಹಚ್ಚಿದರೆ ಕಂದು ರೆಕ್ಕೆಯ ಪತಂಗಗಳು ಬಂದು ಚಾದ ಗ್ಲಾಸಿಗೆ ಬೀಳತೊಡಗಿದವು. ಪಂಕಜಾಕ್ಷಿ ಬೆರಳಲ್ಲಿ ತೆಗೆದು ಎಸೆದು ಚಾ ಕೊಟ್ಟಳು. ಸ್ವಲ್ಪ ದಿನದಲ್ಲಿ ಎಲೆ ಕೀಳುವಾಗ ನೋಡುತ್ತಾಳೆ, ಎಲೆಯ ಅಂಚನ್ನು ಅಚ್ಚುಕಟ್ಟಾಗಿ ಕತ್ತರಿಸಿ, ಮಡಚಿ, ನೂಲು ಹಾಕಿ ಅಂಟಿಸಿ, ಒಳಗೊಂದು ಸಣ್ಣ ಹುಳ ಮಲಗಿದೆ. "ಇವುಗಳಿಗೂ ಗಟ್ಟಿ ಕಟ್ಟಲಿಕ್ಕೆ ಬರ್ತದಲ್ಲ!" ಎಂದು ಅವಳಿಗೆ ಮೆಚ್ಚುಗೆಯೇ ಆಯಿತು.

ಮೆಚ್ಚುಗೆ ಹೆಚ್ಚು ದಿನ ಉಳಿಯಲಿಲ್ಲ. ಹುಳ ಬೆಳೆಯಿತು, ಕಪ್ಪಾಯಿತು, ಮಡಚಿದ ಎಲೆಯಿಂದ ಹೊರಗೆ ಬಂದು ಹಗಲು ರಾತ್ರಿ ಮೇಯತೊಡಗಿತು. ಮಳೆ ಇಲ್ಲದ ಹೊತ್ತಿನಲ್ಲೂ ಗುಡ್ಡೆಯಲ್ಲಿ ಪಿರಿಪಿರಿ ಸದ್ದು. ಅದು ಹುಳದ ಹಿಕ್ಕೆ ಉದುರುವ ಸದ್ದು ಮಾರಾಯ್ರೆ. ಮಾರ್ಗದಲ್ಲಿ ಹೋಗುವವರು ಬಿಸಿಲಲ್ಲಿ ಕೊಡೆ ಬಿಡಿಸಿದರು. ಚಾದಲ್ಲಿ ಕಪ್ಪು ಕಾಳು ತೇಲುವುದನ್ನು ನೋಡಿ ಪೋಕರ್, "ಇದೆಂತ ಪಂಕಜಕ್ಕ?" ಎಂದ. "ಸರಕಾರದ ಏಲಕ್ಕಿ, ಕುಡಿ," ಎಂದಳು. ಕೊನೆಗೆ ಎಲೆಯ ನರ ಮಾತ್ರ ಉಳಿಯಿತು, ಗುಡ್ಡೆ ಇಡೀ ಕಡ್ಡಿಪೊರಕೆಯ ಹಿಡಿಸೂಡಿಯನ್ನು ತಲೆಕೆಳಗಾಗಿ ನಿಲ್ಲಿಸಿದ ಹಾಗೆ ಕಂಡಿತು. ಹೊಟ್ಟೆ ತುಂಬಿದ ಹುಳಗಳು ನೂಲು ಬಿಟ್ಟುಕೊಂಡು ಕೆಳಗಿಳಿದು ಒಣ ಎಲೆಯ ದರಗಿನ ಅಡಿ ಸೇರಿಕೊಂಡವು. ದೊಡ್ಡ ಮಳೆ ಸುರುವಾಯಿತು.

ಹೊಸ ರೇಂಜರು ಜೀಪಿನಲ್ಲಿ ಬಂದದ್ದು ಆಗ. ಘಟ್ಟದ ಮೇಲಿನವರು. ಬಯಲು ಸೀಮೆಯಲ್ಲಿ ಗಂಧದ ಕಳ್ಳರನ್ನು ಹಿಡಿದು ಹೆಸರು ಮಾಡಿದವರು. ಕಳ್ಳನಿಲ್ಲದೆ ಕಾಡಿಗೆ ನಷ್ಟ ಆಗುವುದೇ ಇಲ್ಲ ಎಂದು ನಂಬಿದವರು. ಬೋಳು ಗುಡ್ಡೆಯನ್ನು ನೋಡಿದರು. ಕೆಳಗಿಳಿದು ಹೋಟೆಲಿನ ಹಿಂದಿನ ಎಲೆಯ ರಾಶಿ ನೋಡಿದರು. ಮತ್ತೆ ಗುಡ್ಡೆ ನೋಡಿದರು. ನ್ಯಾಯವಾಗಿ ಹೇಳಬೇಕೆಂದರೆ ಆ ಜಾಗದಲ್ಲಿ ನಾನೂ ನೀವೂ ಇದ್ದರೂ ಹಾಗೆಯೇ ಎಣಿಸುತ್ತಿದ್ದೆವು.

"ಹುಳ ಸಾರ್, ಹುಳ ತಿಂದದ್ದು," ಎಂದ ಬೋಜಪ್ಪ.

"ಎಲ್ಲಿದೆ ಹುಳ? ತೋರಿಸು."

ಬೋಜಪ್ಪ ದರಗು ಕೆದಕಿ, ಕಂದು ಬಣ್ಣದ ಒಂದು ಕೋಶ ತಂದು ಅಂಗೈಯಲ್ಲಿ ಹಿಡಿದ. ರೇಂಜರು ಬಗ್ಗಿ ನೋಡಿದರು. "ಇದಕ್ಕೆ ಬಾಯಿ ಎಲ್ಲಿದೆ?" ಬೋಜಪ್ಪ ಅದನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಬಾಯಿ ಇರಲಿಲ್ಲ. "ಬಾಯಿಲ್ಲದ್ದು ಗುಡ್ಡ ತಿಂತಾ? ಬಾಯಿ ಇರೋರು ಇಲ್ಲಿ ಯಾರಿದ್ದಾರೆ ನೋಡಣ," ಎಂದು ಅವರು ಪಂಕಜಾಕ್ಷಿಯ ಕಡೆ ತಿರುಗಿದರು. "ಏನಮ್ಮಾ, ಈ ರಾಶಿ ಏನು?"

ಪಂಕಜಾಕ್ಷಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೌದು, ದಿನಾ ಒಂದು ಬುಟ್ಟಿ ಎಂದು ಒಪ್ಪಿದರೆ ಗುಡ್ಡೆ ಪೂರಾ ತನ್ನ ತಲೆಗೆ ಬರುತ್ತದೆ. ಬಾಯಿಗೆ ಮೊದಲು ಸಿಕ್ಕಿದ ಸುಳ್ಳನ್ನು ಹೇಳಿಬಿಟ್ಟಳು. "ಅದು ನನ್ನ ಅಣ್ಣನ ಮನೆಯ ಎಲೆ ಸ್ವಾಮಿ. ರಾಮಕುಂಜದಿಂದ ಬರುದು. ನಿಮ್ಮ ಗುಡ್ಡೆಯ ಒಂದು ಎಲೆಯನ್ನೂ ನಾನು ಮುಟ್ಟಿದವಳಲ್ಲ."

"ಸುಳ್ಳು. ಇಷ್ಟು ಮರ ಸಾಯಿಸಿದ್ದೀಯ. ಗುಡಿಸಲು ಕೀಳಿಸ್ತೀನಿ."

ಸಾಯಿಸಿದ್ದು ಎಂಬ ಮಾತಿಗೆ ಅವಳಿಗೆ ಪಿತ್ತ ನೆತ್ತಿಗೇರಿತು. "ಸತ್ತದ್ದು ಯಾರು? ಆಟಿ ಅಮಾವಾಸ್ಯೆಯ ಒಳಗೆ ಈ ಗುಡ್ಡೆ ಮೊದಲಿನ ಹಾಗೆ ಎಲೆ ಬಿಡದಿದ್ದರೆ ಹೇಳಿ, ಗುಡಿಸಲು ನಾನೇ ಬಿಚ್ಚಿ ಕೊಡ್ತೇನೆ!"

ಆಟಿ ಅಮಾವಾಸ್ಯೆ ಯಾವಾಗ ಎಂದು ರೇಂಜರು ಬೋಜಪ್ಪನನ್ನು ಕೇಳಿದರು. ಬರುವ ತಿಂಗಳು ಸಾರ್, ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ದಿನ ಎಂದ ಅವನು. "ಸರಿ, ಅವತ್ತು ಬರ್ತೀನಿ," ಎಂದು ಜೀಪು ಹತ್ತಿದರು.

ಜೀಪು ತಿರುವು ದಾಟಿದ ಮೇಲೆ ಬೋಜಪ್ಪ ಕೇಳಿದ: "ಎಲೆ ಬರ್ತದಾ ಪಂಕಜಕ್ಕ? ನಿನಗೆ ಹೇಗೆ ಗೊತ್ತು?"

"ನನಗೆಂತ ಗೊತ್ತು, ನನ್ನ ತಲೆ!" ಎಂದಳು ಪಂಕಜಾಕ್ಷಿ. "ನೀನಲ್ಲವಾ ಗಾರ್ಡು? ನಿನಗೆ ಗೊತ್ತಿರಬೇಕು."

ಬೋಜಪ್ಪನಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಸರಕಾರದ ಕಡೆಯಿಂದಲೂ ಸಹಾಯ ಮುಗಿಯಿತು.

ನಾಲ್ಕು ದಿನ ಕಳೆಯುವಷ್ಟರಲ್ಲಿ ತ್ಯಾಂಪಣ್ಣ ಕೊಡೆ ಹಿಡಿದುಕೊಂಡು ಬಂದ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ. ರೇಂಜರು ರಾಮಕುಂಜಕ್ಕೂ ಹೋಗಿದ್ದರಂತೆ. ಅಂಗಳದಲ್ಲಿ ಜೀಪು ನಿಂತದ್ದೇ ಇವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. "ಎಲೆ ನಿಮ್ಮದಾ ಅಂತ ಕೇಳಿದರು ಪಂಕಜ. ಹೌದು ಅಂದೆ. ನಿನಗೋಸ್ಕರ ಸುಳ್ಳು ಹೇಳಿದೆ, ಗೊತ್ತುಂಟಾ? ಇಲ್ಲ ಅಂದಿದ್ದರೆ ನಿನ್ನ ಗತಿ ಎಂತ?"

ಪಂಕಜಾಕ್ಷಿ ಒಲೆಗೆ ಸೌದೆ ತುರುಕಿದಳು. ಆ ಚೌತಿಯ ಸೀರೆಯ ಚೊರೆ ಮತ್ತೆ ಮೈಗೆ ಹತ್ತಿದ ಹಾಗಾಯಿತು.

"ಇನ್ನು ಇದೆಲ್ಲ ಸಾಕು. ಅಮಾವಾಸ್ಯೆಗೆ ಗಾಡಿ ತರ್ತೇನೆ. ನಿನ್ನ ಅತ್ತಿಗೆಗೂ ಈಗ ಸೊಂಟನೋವಿನಲ್ಲಿ ಕೆಲಸ ಆಗುದಿಲ್ಲ," ಎಂದ ತ್ಯಾಂಪಣ್ಣ. ಪ್ರೀತಿಯಿಂದಲೇ ಹೇಳಿದ.

ಅಂದಿನಿಂದ ಪಂಕಜಾಕ್ಷಿ ಬೆಳಿಗ್ಗೆ ಎದ್ದು ಗುಡ್ಡೆ ಹತ್ತಿ ಕೊಂಬೆ ನೋಡುವುದೇ ಕೆಲಸ ಮಾಡಿಕೊಂಡಳು. ದೈವಕ್ಕೆ ಹರಕೆ ಹೇಳಿದಳು. ದೈವ ಸುಮ್ಮನಿದ್ದದ್ದರಿಂದ ಮರಗಳಿಗೇ ಬೈಯತೊಡಗಿದಳು. "ನಾಚಿಕೆ ಆಗುದಿಲ್ಲವಾ ನಿಮಗೆ? ಅವು ತಿಂದು ಹೋಗಿ ಎಷ್ಟು ದಿನ ಆಯ್ತು, ಇನ್ನೂ ಬೋಳಿಸಿಕೊಂಡು ನಿಂತಿದ್ದೀರಲ್ಲ!" ಮಳೆಗೆ ನೆನೆದು ಕೆಮ್ಮು ಹಿಡಿಯಿತು. ಕೆಮ್ಮುತ್ತಲೇ ಬೈದಳು.

ಒಂದು ಬೆಳಿಗ್ಗೆ, ಎಲೆ ಉದುರಿದ ಗಂಟಿನ ಕಂಕುಳಲ್ಲಿ ಇಲಿಯ ಕಿವಿಯಷ್ಟು ಸಣ್ಣದಾಗಿ, ಕೆಂಪಗೆ ಏನೋ ಕಂಡಿತು. ಪಂಕಜಾಕ್ಷಿ ಮುಟ್ಟಿ ನೋಡಿದಳು. ಪಕ್ಕದ ಮರ ನೋಡಿದಳು, ಅದರಲ್ಲೂ ಇತ್ತು. ಗುಡ್ಡೆಯಿಂದ ಓಡಿ ಇಳಿದು, ಜಾರಿ ಬಿದ್ದು, ಕೆಸರು ಮೆತ್ತಿಕೊಂಡು ಬಂದು ಬೋಜಪ್ಪನನ್ನು ಹಿಡಿದು ಅಲ್ಲಾಡಿಸಿದಳು. "ಬಂತು ಮಾರಾಯ, ಬಂತು!" ಬೋಜಪ್ಪ ರೇಂಜರು ಬಂದರೆಂದು ಎಣಿಸಿ ಬೀಡಿ ಬಿಸಾಡಿದ. ನಿಜ ತಿಳಿದ ಮೇಲೆ ಅದಕ್ಕಾಗಿ ಕೆಸರಲ್ಲಿ ಹುಡುಕಿದ.

ಹುಳ ತಿಂದ ಮರ ಸುಮ್ಮನೆ ಕೂರುವುದಿಲ್ಲ ಎಂದು ಆಗ ಗೊತ್ತಾಯಿತು. ಕಾಂಡದಲ್ಲಿ, ಬೇರಿನಲ್ಲಿ ಉಳಿಸಿಟ್ಟದ್ದನ್ನು ಮೇಲೆ ತಂದು ಮತ್ತೆ ಎಲೆ ಹೊರಡಿಸುತ್ತದೆ. ಆ ವರ್ಷ ದಪ್ಪ ಆಗುವುದು ಕಮ್ಮಿಯಾಗುತ್ತದೆ, ಅಷ್ಟೇ. ಆದರೆ ಹೊಸ ಎಲೆ ಬಂದದ್ದು ಹುಳಕ್ಕೂ ಗೊತ್ತಾಗುತ್ತದಲ್ಲ! ದರಗಿನ ಅಡಿಯ ಬಾಯಿಲ್ಲದ ಕೋಶಗಳು ಅಷ್ಟರಲ್ಲಿ ಪತಂಗವಾಗಿ ಎದ್ದು, ಸಂಜೆ ಮತ್ತೆ ಚಿಮಿಣಿ ದೀಪಕ್ಕೆ ಬಂದವು. ಈ ಸಲ ಪಂಕಜಾಕ್ಷಿ ಒಂದೊಂದನ್ನೂ ಹಿಡಿದು ಒಲೆಗೆ ಹಾಕಿದಳು. ಎಲೆಯಂಚಿನಲ್ಲಿ ಮಡಿಕೆ ಕಂಡದ್ದೇ ದೋಟಿ ಹಿಡಿದು ಗುಡ್ಡೆ ಹತ್ತಿದಳು. ಹುಳ ಇರುವ ಎಲೆ ಕಿತ್ತು ಹಿಸುಕಿ ಎಸೆಯುವುದು ಲೆಕ್ಕ. ಆದರೆ ಎಳೆ ಎಲೆ ಕೈಗೆ ತಾಗಿದರೆ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಇದರಲ್ಲೂ ಹುಳ ಇದ್ದಿರಬಹುದು, ಇದರಲ್ಲಿ ನಾಳೆ ಬರಬಹುದು ಎಂದು ಸಮಾಧಾನ ಹೇಳಿಕೊಂಡು ಕಿತ್ತೇ ಕಿತ್ತಳು. ಇಳಿದು ಬರುವಾಗ ಸೊಂಟದಲ್ಲಿ ಬುಟ್ಟಿ ತುಂಬ ಎಲೆ.

ಬೋಜಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಹುಳ ಆದರೂ ತಿಂದು ಮಣ್ಣಿಗೆ ಇಳಿಯಿತು. ನೀನು ಇಳಿಯುದು ಯಾವಾಗ ಮಾರಾಯ್ತಿ?"

ಆಟಿಯ ಮಳೆಯ ಹೊಡೆತಕ್ಕೆ ಸಣ್ಣ ಹುಳಗಳು ಉದುರಿದವು. ಉಳಿದವಕ್ಕೆ ಮೈನಾ, ಕಾಗೆಗಳು ಹಬ್ಬ ಮಾಡಿದವು. ಎಲ್ಲ ತಾನೇ ಮಾಡಿದ್ದೆಂದು ಪಂಕಜಾಕ್ಷಿ ಹೇಳಿಕೊಂಡಳು. ಅಂತೂ ಅಮಾವಾಸ್ಯೆ ಬರುವಾಗ ಗುಡ್ಡೆ ಹಸಿರಾಗಿತ್ತು.

ಆ ದಿನ ಬೆಳಿಗ್ಗೆ ಕಹಿ ಕಷಾಯ ಕುಡಿದು ಅವಳು ಒಲೆಯ ಮುಂದೆ ಕೂತಳು. ಹಲಸು ಮುಗಿದಿತ್ತು, ಮುಳ್ಳುಸೌತೆ ತುರಿದು ಗಟ್ಟಿಗೆ ಹಿಟ್ಟು ಕಲಸಿದ್ದಳು. ರೇಂಜರು ಬರುವ ದಿನ ಎಂದು ಬೋಜಪ್ಪ ಬಾಳೆಲೆ ಬಾಡಿಸಿ ತಂದಿಟ್ಟಿದ್ದ. ಬುದ್ಧಿ ಇದ್ದವರು ಅದರಲ್ಲೇ ಕಟ್ಟುತ್ತಿದ್ದರು. ಪಂಕಜಾಕ್ಷಿ ಬಾಳೆಲೆ ನೋಡಿದಳು, ಮೂಲೆಯ ಬುಟ್ಟಿ ನೋಡಿದಳು. ಗುಡ್ಡೆ ಹಸಿರಾದರೂ ಗೆದ್ದೆ ಎಂಬ ಧೈರ್ಯ ಅವಳಿಗಿರಲಿಲ್ಲ. ಅತ್ತ ರೇಂಜರು, ಇತ್ತ ಅಣ್ಣನ ಗಾಡಿ. ಇವತ್ತೇ ಹೋಟೆಲಿನ ಕಡೆಯ ದಿನ ಆದರೂ ಆಯಿತು. ಕಡೆಯ ಗಟ್ಟಿ ಬಾಳೆಲೆಯಲ್ಲಾ? ಸತ್ತರೂ ಇಲ್ಲ ಎಂದು ತೇಗದ ಎಲೆ ಎತ್ತಿಕೊಂಡಳು.

ಮೊದಲು ತ್ಯಾಂಪಣ್ಣನ ಗಾಡಿ ಬಂತು. ಅದರ ಹಿಂದೆಯೇ ಸುರಿಯುವ ಮಳೆಯಲ್ಲಿ ರೇಂಜರ ಜೀಪು. ಮಳೆ ನಿಲ್ಲುವವರೆಗೆ ಗುಡ್ಡೆ ಹತ್ತುವ ಹಾಗಿಲ್ಲ. ಬೆಳಿಗ್ಗೆಯಿಂದ ಊಟವಿಲ್ಲದ ರೇಂಜರು ಬೆಂಚಿನಲ್ಲಿ ಕೂತರು. ಹಬೆಯ 'ಘಮ' ಮೂಗಿಗೆ ಬಡಿಯಿತು. "ತಿನ್ನೋಕೆ ಏನಿದೆ?" ಎಂದು ಕೇಳಿದರು.

ಬೋಜಪ್ಪ ಹಿಂದೆ ನಿಂತು ಕಣ್ಣು, ಹುಬ್ಬು, ತಲೆ, ಎಲ್ಲದರಲ್ಲೂ ಬೇಡ ಬೇಡ ಎಂದ. ಪಂಕಜಾಕ್ಷಿ ಬಿಸಿ ಗಟ್ಟಿ ತಂದು ಮುಂದಿಟ್ಟಳು. ಹಸಿದು ಬಂದವನಿಗೆ ಇಲ್ಲ ಎನ್ನುವ ವಿದ್ಯೆ ಅವಳು ಕಲಿತಿರಲಿಲ್ಲ, ಅವನು ರೇಂಜರೇ ಆಗಿರಲಿ.

ರೇಂಜರು ಎಲೆ ಬಿಡಿಸಿ ಒಂದು ತಿಂದರು. ಇನ್ನೊಂದು ತಿಂದರು. ಮೂರನೆಯದಕ್ಕೆ ಕೈ ಹಾಕಿದವರು ನಿಲ್ಲಿಸಿ ಬೆರಳು ನೋಡಿಕೊಂಡರು. ಬೆರಳು ಕೆಂಪಾಗಿತ್ತು. ಎಲೆಯನ್ನು ಬೆಳಕಿಗೆ ಹಿಡಿದರು. ಎಳೆಯ ತೇಗದ ಎಲೆ.

"ಇದು ಎಲ್ಲಿಯದು?"

ಯಾರೂ ಮಾತಾಡುವ ಮೊದಲು ತ್ಯಾಂಪಣ್ಣ ಕೈ ಮುಗಿದು ಮುಂದೆ ಬಂದ. "ನಮ್ಮ ಮನೆಯದ್ದು ಸ್ವಾಮಿ. ಬೆಳಿಗ್ಗೆ ಗಾಡಿಯಲ್ಲಿ ನಾನೇ ತಂದದ್ದು. ಇವಳು ಇನ್ನು ಇಲ್ಲಿ ಇರುದಿಲ್ಲ, ಕರೆದುಕೊಂಡು ಹೋಗಲಿಕ್ಕೆ ಬಂದಿದ್ದೇನೆ. ಗಂಡ ಬಿಟ್ಟವಳು, ಬುದ್ಧಿ ಕಮ್ಮಿ. ನಾನು ನೋಡಿಕೊಳ್ತೇನೆ."

ರೇಂಜರ ಮುಖ ಸಡಿಲವಾಯಿತು. ತಂಟೆ ಇಲ್ಲದೆ ಮುಗಿಯಿತಲ್ಲ. "ಒಳ್ಳೇದಾಯ್ತು. ಹಾಗಾದ್ರೆ ಕೇಸು ಬೇಡ. ಸಾಮಾನು ತುಂಬಿಕೊಳ್ಳಿ, ಗುಡಿಸಲು ಇವತ್ತೇ ಬಿಚ್ಚಿಬಿಡಿ."

ತ್ಯಾಂಪಣ್ಣ ಒಳಗೆ ಹೋಗಿ ಒಲೆಯ ಮೇಲಿನ ಅಟ್ಟಿನಳಗೆಗೆ ಕೈ ಹಾಕಿದ.

"ಅದನ್ನು ಮುಟ್ಟಬೇಡ!"

ಪಂಕಜಾಕ್ಷಿಯ ಸ್ವರಕ್ಕೆ ಹೊರಗೆ ಎತ್ತುಗಳೂ ಬೆಚ್ಚಿದವು. ಅವಳು ರೇಂಜರ ಎದುರು ಬಂದು ನಿಂತಳು. "ಎಲೆ ನಿಮ್ಮ ಗುಡ್ಡೆಯದ್ದು ಸ್ವಾಮಿ. ನಿನ್ನೆ ನಾನೇ ಕಿತ್ತದ್ದು. ಹುಳಕ್ಕೆ ಮೊದಲೂ ದಿನಾ ಒಂದು ಬುಟ್ಟಿ ಕೀಳ್ತಿದ್ದೆ. ಅಣ್ಣನ ಮನೆಯದ್ದು ಅಂತ ಸುಳ್ಳು ಹೇಳಿದ್ದೂ ನಾನೇ. ಗುಡ್ಡೆ ಬೋಳು ಮಾಡಿದ್ದು ಮಾತ್ರ ಹುಳ. ಬೇಕಾದರೆ ಹತ್ತಿ ನೋಡಿ, ಒಂದು ಮರವೂ ಸಾಯಲಿಲ್ಲ. ನೀವು ನನ್ನನ್ನು ಕಳ್ಳಿ ಅನ್ನಿ, ಸ್ಟೇಶನಿಗೆ ಕೊಂಡುಹೋಗಿ. ಇವನ ಮನೆಯ ಎಲೆ ಅಂತ ಮಾತ್ರ ಹೇಳಬೇಡಿ."

ಬೋಜಪ್ಪ ಕೊಡೆಯ ಹಿಂದೆ ಅಡಗಿದ.

ಮಳೆ ಸಣ್ಣದಾದ ಮೇಲೆ ರೇಂಜರು ಗುಡ್ಡೆ ಹತ್ತಿ ಹೋದರು. ಇಳಿದು ಬರುವಾಗ ಬೂಟು ತುಂಬ ಕೆಸರು. ಆದರೆ ಮುಖ ಅರಳಿತ್ತು. ಯಾಕೆ ಅರಳದೆ? ಇಡೀ ಸರ್ವೀಸಿನಲ್ಲಿ ತಾವಾಗಿಯೇ ಹೌದು ಎಂದು ಒಪ್ಪಿಕೊಂಡ ಕಳ್ಳರು ಅವರಿಗೆ ಸಿಕ್ಕಿರಲೇ ಇಲ್ಲ. ಮರವೂ ಉಳಿದಿತ್ತು, ಕಳ್ಳಿಯೂ ಸಿಕ್ಕಿದ್ದಳು. ಸರಕಾರಿ ನೌಕರನಿಗೆ ಇನ್ನೇನು ಬೇಕು?

"ಎಲೆ ಕಿತ್ತದ್ದಕ್ಕೆ ದಂಡ," ಎಂದರು ಗಂಭೀರವಾಗಿ. "ಈ ಸಲದ್ದು ಮಾತ್ರ ಅಲ್ಲ. ನೀನು ಕೀಳೋದು ಬಿಡೋಳಲ್ಲ, ನನಗೆ ಗೊತ್ತಾಯ್ತು. ತಿಂಗಳು ತಿಂಗಳು ಆಫೀಸಿಗೆ ಬಂದು ಕಟ್ಟಿ ಹೋಗಬೇಕು. ತಪ್ಪಿಸಿದರೆ ನೋಡು." ಮೂರನೆಯ ಗಟ್ಟಿಯನ್ನು ಎಲೆ ಸಮೇತ ಎತ್ತಿಕೊಂಡು ಜೀಪು ಹತ್ತಿದರು.

ದಂಡ ಎಂಬ ಮಾತು ಪಂಕಜಾಕ್ಷಿಯ ಕಿವಿಗೆ ಹೋಗಲೇ ಇಲ್ಲ. ತಿಂಗಳು ತಿಂಗಳು ಎಂಬುದು ಮಾತ್ರ ಹೋಯಿತು. ಬರುವ ತಿಂಗಳು, ಅದರ ಮುಂದಿನದ್ದು, ಚೌತಿಗೆ, ದೀಪಾವಳಿಗೆ, ಬರುವ ವರ್ಷ ಹಲಸು ಹಣ್ಣಾಗುವಾಗ, ದಂಡ ಕಟ್ಟಲಿಕ್ಕಾದರೂ ತಾನು ಇಲ್ಲಿಯೇ ಇರಬೇಕು. ಸರಕಾರವೇ ಹೇಳಿಯಾಯಿತು. ಅವಳು ಒಲೆಯ ಮುಂದೆ ಕುಸಿದು ಕೂತು, ಗಂಡ ಬಿಟ್ಟಾಗ ಅಳದವಳು, ಅಣ್ಣನ ಮನೆಯಲ್ಲಿ ಅಳದವಳು, ಗೊಳೋ ಎಂದು ಅತ್ತಳು. ಹೊಟ್ಟೆಯೊಳಗಿಂದ ಬಂದ ಸಂತೋಷ ಅದು, ತಡೆಯಲಿಕ್ಕಾಗಲಿಲ್ಲ.

ತ್ಯಾಂಪಣ್ಣ ಅದನ್ನು ಅವಮಾನದ ಅಳು ಎಂದು ತಿಳಿದ. ಅವನ ಕಣ್ಣಲ್ಲೂ ನೀರು ಬಂತು. ತಂಗಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಭುಜದ ಮೇಲೆ ಕೈ ಇಟ್ಟ. "ಅಳಬೇಡ ಪಂಕಜ. ನಾನಿಲ್ಲವಾ? ದಂಡ ನಾನು ಕಟ್ಟುತ್ತೇನೆ."

ಪಂಕಜಾಕ್ಷಿ ತಟ್ಟನೆ ಅಳು ನಿಲ್ಲಿಸಿ, ಮೂಗೊರೆಸಿಕೊಂಡು, ಜೀವಮಾನದಲ್ಲಿ ಮೊದಲ ಸಲ ಅಣ್ಣನಿಗೆ ಕೈ ಮುಗಿದಳು.

"ನಿನ್ನ ದಮ್ಮಯ್ಯ ಅಣ್ಣ, ಇದೊಂದನ್ನು ನನಗೆ ಬಿಡು."